ಎಣ್ಣೆ ಕುಡಿಯದ ಶೂ

ವಿರುಪಣ್ಣನ ತೊಗಲಿನ ಕೆರ ಯಲಬುರ್ಗಾದಲ್ಲಿ ಹೆಸರುವಾಸಿ. ಮನುಷ್ಯ ಇನ್ನೂ ಬಸ್‌ಸ್ಟ್ಯಾಂಡಿನ ತಿರುವಿನಲ್ಲಿರುವಾಗಲೇ ಕೆರದ ಕಿರ್ ಕಿರ್ ಸದ್ದು ಚಹಾದಂಗಡಿಗೆ ಮುಟ್ಟುತ್ತಿತ್ತು. ಹೊಸ ಕೆರ ಕೊಳ್ಳುವುದಕ್ಕೆ ಅವನದೊಂದು ಶಾಸ್ತ್ರವೇ ಇತ್ತು. ಕಾಲು ತುರುಕಲು ಬಾರದಷ್ಟು ಬಿಗಿ ಇರಬೇಕು, ರಾತ್ರಿಯಿಡೀ ಔಡಲೆಣ್ಣೆ ಕುಡಿಸಬೇಕು, ಕಚ್ಚಿದರೆ ಕಚ್ಚಿಸಿಕೊಳ್ಳಬೇಕು. ಆಮೇಲೆ ಅದು ಕಾಲಿನ ಚರ್ಮವೇ ಆಗಿಬಿಡುತ್ತದೆ. ಅವನಪ್ಪ ಹಾಗೆ ಮಾಡಿದ್ದ, ಅಜ್ಜನೂ ಹಾಗೆ ಮಾಡಿದ್ದ. ತಪ್ಪೇನಿಲ್ಲ ಬಿಡಿ, ತೊಗಲಿಗೆ ಅದು ಸರಿಯೇ.

ಆದರೆ ಆ ಶನಿವಾರ ಅವನು ಮಗಳು ರೂಪಾಳನ್ನು ಕೊಪ್ಪಳಕ್ಕೆ ಕರೆದೊಯ್ದದ್ದು ಕೆರ ತರಲು ಅಲ್ಲ. ರೂಪಾ ಸೈಕಲ್ ರೇಸಿನ ಹುಡುಗಿ. ಸದ್ಯದಲ್ಲೇ ರಾಜ್ಯ ತಂಡದ ಆಯ್ಕೆ ಇತ್ತು, ಅದಕ್ಕೆ ರೇಸಿನ ಶೂ ಬೇಕಿತ್ತು.

"ಶನಿವಾರ ಕಾಲಾಗಿಂದು ಮನಿಗೆ ತರಬಾರ್ದ್ರಿ," ಎಂದು ಹೆಂಡತಿ ಶಾಂತಕ್ಕ ಬಾಗಿಲಲ್ಲೇ ಅಡ್ಡ ನಿಂತಳು. ವಿರುಪಣ್ಣ ನಕ್ಕು ಬಸ್ಸು ಹತ್ತಿದ.

ಸೈಕಲ್ ಅಂಗಡಿಯ ಗುಲ್ಶನ ಶೂ ತಿರುಗಿಸಿ ತೋರಿಸಿದಳು. ಅಂಗಾಲಿನ ಕೆಳಗೊಂದು ಪ್ಲಾಸ್ಟಿಕ್ ಬಿಲ್ಲೆ. ಅದು ಪೆಡಲಿಗೆ ಟಕ್ಕನೆ ಕೂತುಕೊಳ್ಳುತ್ತದೆ. ನಿಲ್ಲುವಾಗ ಹಿಮ್ಮಡಿಯನ್ನು ಹೊರಗೆ ತಿರುವಿದರೆ ಕಳಚುತ್ತದೆ. ತಿರುವದಿದ್ದರೆ ಕಾಲೂ ಸೈಕಲ್ಲೂ ಒಂದೇ.

ರೂಪಾ ಎರಡು ಜೊತೆ ಹಾಕಿ ನೋಡಿದಳು.

"ಅಪ್ಪಾ, ಈ ದೊಡ್ಡವು ಛಲೋ ಅದಾವ. ಬೆರಳು ಆಡತಾವ, ಹಿಮ್ಮಡನೂ ಎದ್ದು ಬರಂಗಿಲ್ಲ."

"ಬೆರಳ ಆಡ್ಸಾಕ ಅದೇನ ಹಾರ್ಮೋನಿಯಂ ಏನವಾ?"

"ಅಣ್ಣಾರ, ಇದರ ತಳ ಬಗ್ಗಂಗಿಲ್ರಿ," ಎಂದಳು ಗುಲ್ಶನ. "ಈಗಿನ್ನೂ ಮುಂಜಾನಿ. ಮಧ್ಯಾಹ್ನ ಬಿಸಲಾಗ ಕಾಲು ಬಾತು ದಪ್ಪ ಆಕ್ಕಾವ. ಈಗ ಬಿಗಿ ಇದ್ದದ್ದು ಆವಾಗ ಹಿಂಡತೈತ್ರಿ."

"ನೀ ಹುಟ್ಟೂಕಿಂತ ಮೊದಲಿಂದ ಕೆರ ಮೆಟ್ಟೇನಿ ತಂಗಿ. ಆ ಬಿಗೀವ ಕಟ್ಟು. ನಾಕ ದಿನಕ್ಕ ಸಡ್ಲ ಆಕ್ಕಾವ."

"ಆಗ್ಲಿಲ್ಲಂದ್ರ ವಾಪಸ್ ತರ್ರಿ, ಬದಲಿ ಕೊಡ್ತೀನಿ. ಕಲೆ ಮಾತ್ರ ಬಿದ್ದಿರಬಾರ್ದು."

ಅಂದು ಸಂಜೆಯೇ ವಿರುಪಣ್ಣ ಎರಡೂ ಶೂಗಳಿಗೆ ಔಡಲೆಣ್ಣೆ ಸುರಿದಿಟ್ಟ. ಮುಂಜಾನೆ ನೋಡಿದರೆ ಎಣ್ಣೆ ಸುರಿದಷ್ಟೂ ಹಾಗೇ ನಿಂತಿತ್ತು. ತೊಗಲಲ್ಲದ ಶೂ ಒಂದು ಹನಿಯನ್ನೂ ಕುಡಿದಿರಲಿಲ್ಲ. ಅದನ್ನು ಕಂಡಾದರೂ ಮನುಷ್ಯನಿಗೆ ಬುದ್ಧಿ ಬರಬೇಕಿತ್ತು. ಎಲ್ಲಿ ಬರುತ್ತದೆ! ಹಳೆ ಬಟ್ಟೆಯಲ್ಲಿ ಒರೆಸಿ ಮಗಳ ಕೈಗೆ ಕೊಟ್ಟ. ಒಳಗೆಲ್ಲ ಜಿಡ್ಡಿನ ಕಲೆ. ಬದಲಿ ತರುವ ಮಾತಿಗೆ ಅಲ್ಲಿಗೇ ಎಳ್ಳುನೀರು ಬಿಟ್ಟಂತಾಯಿತು.

"ಅಪ್ಪಾ, ಬಲಗಾಲು ಜೋಮು ಹಿಡಿತೈತಿ," ಎಂದಳು ರೂಪಾ ಮೊದಲ ದಿನ.

"ಹಿಡೀಲಿ. ಹೊಸದಲ್ಲೇನ? ಹಾಕ್ಕೋಂತ ಹೋಗು."

ಅಪ್ಪನ ಮಾತಿಗೆ ಎದುರಾಡಿದ ಹುಡುಗಿಯಲ್ಲ ಅವಳು. ಹಾಕಿಕೊಂಡು ಹೋದಳು. ಮೊದಮೊದಲು ಸೈಕಲ್ಲಿನಿಂದ ಇಳಿದ ಕೂಡಲೇ ಜೋಮು ಬಿಡುತ್ತಿತ್ತು. ಬರಬರುತ್ತ ಊಟಕ್ಕೆ ಕೂತಾಗಲೂ ಬಿಡಲಿಲ್ಲ. ಹೆಬ್ಬೆರಳಿನ ಉಗುರು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ರೂಪಾ ಕಾಲಿನ ಮಾತನ್ನೇ ಎತ್ತದಾದಳು. ನೋವು ನಿಂತಿರಬೇಕು, ಶೂ ಹದಕ್ಕೆ ಬಂತು ಎಂದುಕೊಂಡ ವಿರುಪಣ್ಣ. ನೋವು ನಿಂತದ್ದೇನೋ ನಿಜ.

ಆಯ್ಕೆಯ ಹಿಂದಿನ ಸಂಜೆ ರೂಪಾ ಹಿತ್ತಲಿನಿಂದ ಬರಿಗಾಲಲ್ಲಿ ಒಳಗೆ ಬಂದಳು. ಶಾಂತಕ್ಕ ಒಲೆಯ ಮುಂದಿನಿಂದ ಎದ್ದು ಬಂದು ಚಿಟ್ಟನೆ ಚೀರಿದಳು. ಪಡಸಾಲೆಯ ತುಂಬ ಕೆಂಪು ಹೆಜ್ಜೆ, ಎಲ್ಲವೂ ಬಲಗಾಲಿನವು. ಹೆಬ್ಬೆರಳ ಬುಡದಲ್ಲಿ ಜಾಲಿಮುಳ್ಳು ಪೂರ್ತಿ ನೆಟ್ಟಿತ್ತು.

"ನನ್ನವ್ವ! ನೋಯ್ಲಿಲ್ಲೇನ?"

ರೂಪಾ ತನ್ನ ಕಾಲನ್ನೇ ನೋಡಿದಳು. "ಚುಚ್ಚಿದ್ದು ಗೊತ್ತs ಆಗ್ಲಿಲ್ಲವ್ವಾ."

ವಿರುಪಣ್ಣನಿಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಬೇಕು. ಹಳೆಯ ಶೂನಲ್ಲೇ ಹೋಗವ್ವಾ, ಸೋತರೆ ಸೋಲು ಎನ್ನುವ ಮಾತು ಗಂಟಲವರೆಗೆ ಬಂತು. ಆದರೆ ಅಷ್ಟು ಹೇಳಿದರೆ ತಪ್ಪು ತನ್ನದೆಂದು ಒಪ್ಪಿದಂತಾಗುತ್ತಿತ್ತಲ್ಲ!

"ಶನಿವಾರ ಬ್ಯಾಡಂದೆ," ಎಂದು ಶಾಂತಕ್ಕ ಅಳತೊಡಗಿದಳು.

"ಹೊಸಾ ಶೂ ಅಂದ್ರ ಹಂಗs. ನಾಳಿ ಒಂದಿನ ತಡಕೋ," ಎಂದು ವಿರುಪಣ್ಣ ಹೊರಬಿದ್ದ. ಓಣಿಯಲ್ಲಿ ತನ್ನ ಕೆರದ ಸದ್ದು ಅಂದು ಅವನಿಗೇ ಸೇರಲಿಲ್ಲ.

ಮರುದಿನ ಕೊಪ್ಪಳದಿಂದ ಹಿಟ್ನಾಳದ ಕಡೆಗೆ ಓಟ. ತಡವಾಗಿ ಶುರುವಾದದ್ದರಿಂದ ಬಿಸಿಲು ನೆತ್ತಿಗೇರಿತ್ತು. ಹೆದ್ದಾರಿಯ ಎಡಬದಿಗೆ ಸೈಕಲ್ಲುಗಳು, ಬಲಕ್ಕೆ ಸಾಲು ಸಾಲು ಲಾರಿ. ವಿರುಪಣ್ಣ ಮೋಟಾರ್ ಸೈಕಲ್ಲಿನ ಮೇಲೆ ಅವರ ಹಿಂದೆ ಬರುತ್ತಿದ್ದ. ರೂಪಾ ಎಲ್ಲರಿಗಿಂತ ಮುಂದಿದ್ದಳು. ನೋಡಿದಿರಾ, ಏನೂ ಆಗಲಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಹಿಟ್ನಾಳ ಹತ್ತಿರವಾದಾಗ ಕುರಿಹಿಂಡೊಂದು ರಸ್ತೆಗಿಳಿಯಿತು. ಹಿಂದಿನ ಹುಡುಗಿಯರೆಲ್ಲ ಟಕ್ ಟಕ್ ಎಂದು ಕಾಲು ಕಳಚಿ ನೆಲಕ್ಕೂರಿದರು. ರೂಪಾಳೂ ಬ್ರೇಕ್ ಹಿಡಿದಳು. ಸೈಕಲ್ಲು ನಿಂತಿತು. ನಿಂತದ್ದು ಬಲಕ್ಕೆ ವಾಲಿತು. ಅವಳು ಬಗ್ಗಿ ಬಲಗಾಲನ್ನು ನೋಡಿದಳು. ಕಳಚಿದೆಯೋ ಇಲ್ಲವೋ ಎಂಬುದನ್ನು ಅವಳು ಕಣ್ಣಿನಿಂದಲೇ ತಿಳಿಯಬೇಕಿತ್ತು.

"ತಿರುವs, ರೂಪಾ! ಕಾಲು ತಿರುವು!" ವಿರುಪಣ್ಣ ಕೂಗಿದ. ಅವಳು ಸೈಕಲ್ಲಿನ ಸಮೇತ ಲಾರಿಗಳ ಕಡೆಗೆ ಬಿದ್ದಳು.

ರೂಪಾ ಬದುಕಿದಳು. ದೇವರು ದೊಡ್ಡವನು ಎಂದರು ಜನ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವಳ ಬಳಿ ಇದ್ದವನು ವಿರುಪಣ್ಣ ಒಬ್ಬನೇ. ಕೆರ ಎಲ್ಲಿ ಬಿಟ್ಟಿದ್ದನೋ, ಬರಿಗಾಲಲ್ಲಿ ಕೂತಿದ್ದ.

"ಅಪ್ಪಾ."

"ಏನವಾ, ನನ್ನ ತಾಯಿ?"

"ಬಲಗಾಲ ಶೂ ಬಿಚ್ಚಪ್ಪ. ಹೆಬ್ಬೆರಳು ಭಾಳ ಹಿಂಡತೈತಿ."

ಇಷ್ಟು ದಿನ ಸತ್ತಂತಿದ್ದ ಬೆರಳು ಈಗ ನೋಯುತ್ತಿತ್ತು. ವಿರುಪಣ್ಣ ಹೊದಿಕೆಯ ಕಡೆ ನೋಡಿದ. ಎಡಗಾಲಿನ ಮೇಲೆ ಅದು ಉಬ್ಬಿತ್ತು. ಬಲಕ್ಕೆ, ಮೊಣಕಾಲಿನಿಂದ ಕೆಳಗೆ, ಹಾಸಿಗೆಗೆ ಹತ್ತಿ ಚಪ್ಪಟೆಯಾಗಿತ್ತು. ವೈದ್ಯರು ಹೇಳಿದ್ದು ಅವಳಿಗಿನ್ನೂ ಗೊತ್ತಿರಲಿಲ್ಲ. ಕೈಯನ್ನು ಆ ಬರಿ ಹೊದಿಕೆಯ ಮೇಲಿಟ್ಟು, ಶೂನ ಪಟ್ಟಿ ಬಿಚ್ಚಿದಂತೆ ಮಾಡಿದ.

"ಬಿಚ್ಚಿದೆ ಮಗಳ. ಈಗ?"

ರೂಪಾ ಕಣ್ಣು ಮುಚ್ಚಿ ಬೆರಳು ಆಡಿಸಲು ನೋಡಿದಳು.

"ಇಲ್ಲಪ್ಪ. ಇನ್ನೂ ಬಿಗಿ ಐತಿ."