ಏಣಿ ಕಳಿಸುತ್ತಿದ್ದ ಮೆಸೇಜು

"ತಲೆ ಮೇಲೆತ್ತು, ತಲೆ! ಕಾಲು ಒಳಗೆ ತಗೋ," ಎಂದು ಮೇಸ್ತ್ರಿ ಮೆಟ್ಟಿಲ ತಿರುವಿನಲ್ಲಿ ಏದುಸಿರು ಬಿಟ್ಟ. "ಗೋಡೆಗೆ ತಾಗಿಸ್ಬೇಡ್ರೋ, ಅವನೇ ಬಳಿದಿದ್ದು."

ಹೊತ್ತ ನಾಲ್ವರೂ ಪೇಂಟರುಗಳು. ಇಂಥ ಇಕ್ಕಟ್ಟು ಮೆಟ್ಟಿಲುಗಳಲ್ಲಿ ಉದ್ದನೆಯ ಏಣಿ ಇಳಿಸಿ ಪಳಗಿದವರು. ಇವತ್ತು ಇಳಿಸುತ್ತಿದ್ದುದು ಏಣಿ ಎಂದೇ ಎಲ್ಲರೂ ಕರೆಯುತ್ತಿದ್ದ ಮನುಷ್ಯನನ್ನು. ಆರಡಿಯ ಮೇಲೆ ಮೂರಿಂಚು. ಕುಡಿದು ಕುಡಿದು ನಲವತ್ತೊಂಬತ್ತಕ್ಕೇ ಮುಗಿದಿದ್ದ. ಇಳಿಸುವಾಗ ಮೇಲಿನ ತುದಿ ಯಾವಾಗಲೂ ನಾಲ್ವರಲ್ಲಿ ಕುಳ್ಳನಾದ ಗಿಡ್ಡನಿಗೆ. ಅವನು ಮೇಲಿನ ಮೆಟ್ಟಿಲಲ್ಲಿದ್ದರೆ ಭಾರ ಸಮನಾಗಿರುತ್ತದೆ. ಗಿಡ್ಡ ಹೆಗಲು ಕೊಟ್ಟು ಒಂದೊಂದೇ ಮೆಟ್ಟಿಲು ಇಳಿದ. ಇವತ್ತು ಶನಿವಾರ ಎಂಬುದು ಬೆಳಗಿನಿಂದ ಅವನ ತಲೆ ಕೊರೆಯುತ್ತಿತ್ತು.

*

ಎರಡೂವರೆ ತಿಂಗಳ ಹಿಂದಿನ ಶನಿವಾರ, ಸಂಜೆ ಐದಕ್ಕೆ, ರೋಲರು ತೊಳೆಯುತ್ತಿದ್ದ ಗಿಡ್ಡನ ಜೇಬಿನಲ್ಲಿ ಫೋನು ನಡುಗಿತ್ತು. ಮೇಲಿನ ಮಹಡಿಯಲ್ಲಿ ಗೋಡೆಗೆ ಪುಟ್ಟಿ ಉಜ್ಜುತ್ತಿದ್ದ ಏಣಿ ಬರೆದಿದ್ದ: "ಲೋ ಗಿಡ್ಡ, ಹೋದ್ಸಲ ನೀನು ಕುಡ್ಕೊಂಡು ಹೋದಾಗ ಮಗಳು ಎಲ್ಲಿದ್ಲು?"

ಮಗಳು ಮಂಚದ ಕೆಳಗೆ ಅವಿತಿದ್ದಳು. ಗಿಡ್ಡನಿಗೆ ಮೈಯೆಲ್ಲ ಉರಿದು, ಮೇಲೆ ಹೋಗಿ ಜಗಳಕ್ಕೆ ನಿಂತ.

"ನೀನೇನು ಕಮ್ಮಿ ಕುಡೀತೀಯಾ? ನಂಗೆ ಬುದ್ಧಿ ಹೇಳಕ್ಕೆ ಬಂದ್ಬಿಟ್ಟೆ!"

"ಬುದ್ಧಿ ಎಲ್ಲಿ ಹೇಳ್ದೆ? ಕೇಳಿದ್ದಕ್ಕೆ ಉತ್ತರ ಹೇಳಪ್ಪ."

ಗಿಡ್ಡ ಅವತ್ತು ಕುಡಿಯದೆ ನೇರ ಮನೆಗೆ ಹೋದ. ಆಮೇಲೆ ಪ್ರತಿ ಶನಿವಾರ ಒಂದೊಂದು ಬಂತು. "ಬ್ರಾಂದಿ ಅಂಗಡಿ ಮುಂದೆ ಬಿಟ್ಟು ಬೇರೆ ಯಾವ ದಾರೀಲಿ ಮನೆಗೆ ಹೋಗ್ತೀಯೋ?" ಭಾನುವಾರ ಬೆಳಿಗ್ಗೆ ವಿಚಾರಣೆ: "ಈ ವಾರ ಎಷ್ಟು ಸಲ?" ಗಿಡ್ಡ ಬೆರಳು ಸುತ್ತಿ ಸೊನ್ನೆ ತೋರಿಸಿದರೆ ಏಣಿಯ ಮುಖ ಊರಗಲ. ಏಣಿ ಮಾತ್ರ ಕುಡಿಯುತ್ತಲೇ ಇದ್ದ. ಏಳನೇ ತರಗತಿ ದಾಟದವನಿಗೆ ಇಂಥ ಪ್ರಶ್ನೆಗಳೆಲ್ಲ ಎಲ್ಲಿಂದ ಹೊಳೆಯುತ್ತವೆ ಎಂದು ಗಿಡ್ಡನಿಗೆ ಸೋಜಿಗ.

*

ಸ್ಮಶಾನದಿಂದ ಹಿಂತಿರುಗುವಾಗ ನಾಲ್ಕೂವರೆ ದಾಟಿತ್ತು. ಮೇಸ್ತ್ರಿ ಮೂಲೆಯ ಅಂಗಡಿಯ ಕಡೆ ಕಣ್ಣು ಮಾಡಿದ.

"ಅವನ ಹೆಸರಲ್ಲಿ ಒಂದೇ ಒಂದು. ಇವತ್ತೂ ಬರಲ್ಲ ಅಂದ್ರೆ ನೀನು ಮನುಷ್ಯನೇ ಅಲ್ಲ ಬಿಡು."

"ಅತ್ತಿಗೆಗೆ ಒಂದ್ಮಾತು ಹೇಳಿ ಬರ್ತೀನಿ," ಎಂದ ಗಿಡ್ಡ. ಬೇಡವೆನ್ನಲು ಅವನಲ್ಲಿ ತ್ರಾಣವಿರಲಿಲ್ಲ. ನಿಜ ಹೇಳಬೇಕೆಂದರೆ ಮನಸ್ಸೂ ಇರಲಿಲ್ಲ. ಐದು ಗಂಟೆಗೆ ಕೇಳುವವರು ಇನ್ನು ಯಾರು?

ಏಣಿಯ ಹೆಂಡತಿ ಗೋಡೆಗೊರಗಿ ಕೂತಿದ್ದಳು. ಮಡಿಲಲ್ಲಿ ಗಂಡನ ಫೋನು.

"ಇದನ್ನ ನೋಡು ತಮ್ಮ. ಕುಡಿತ ಕಮ್ಮಿ ಮಾಡ್ಸೋಕೆ ಅಂತ ಆಸ್ಪತ್ರೆಯವ್ರು ಇವರ ನಂಬರ್ ಬರ್ಕೊಂಡಿದ್ರು. ವಾರವಾರ ಮೆಸೇಜಲ್ಲಿ ಏನೇನೋ ಕೇಳ್ತಾರೆ, ಎಷ್ಟು ಸಲ ಕುಡಿದ್ರಿ ಅಂತಾರೆ. ಇವರು ಸೊನ್ನೆ, ಸೊನ್ನೆ ಅಂತ ಬರ್ದಿದ್ದಾರೆ! ರಕ್ತ ಕಾರ್ಕೊಂಡ್ರಲ್ಲ, ಆ ವಾರಾನೂ ಸೊನ್ನೆ! ಹೋದವರ ಬಗ್ಗೆ ಆಡಬಾರ್ದು, ಆದ್ರೂ ಇಷ್ಟು ಸುಳ್ಳಾ?"

ಗಿಡ್ಡ ಫೋನು ತೆಗೆದುಕೊಂಡ. 'ಕಳೆದ ಬಾರಿ ನೀವು ಮದ್ಯಪಾನ ಮಾಡಿದಾಗ ನಿಮ್ಮ ಮಕ್ಕಳು ಎಲ್ಲಿದ್ದರು?' ಆ ಮೊದಲ ಶನಿವಾರ ನಾಲ್ಕು ಮೂವತ್ತಕ್ಕೆ ಬಂದದ್ದು. ಅರ್ಧ ಗಂಟೆ ಕೂತು, ಪುಟ್ಟಿ ಮೆತ್ತಿದ ದಪ್ಪ ಬೆರಳಲ್ಲಿ, ಏಣಿ ಅದನ್ನು ತನ್ನ ಮಾತಲ್ಲಿ ಗಿಡ್ಡನಿಗೆ ಬರೆದಿದ್ದ. ಪ್ರತಿ ವಾರವೂ ಅಷ್ಟೇ. ಸೊನ್ನೆಗಳ ನಡುವೆ ಮೂರನೆಯ ವಾರ ಮಾತ್ರ 'ಒಂದು' ಎಂದಿತ್ತು. ಆ ವಾರ ಗಿಡ್ಡ ಒಮ್ಮೆ ಎಡವಿದ್ದ.

"ಸುಳ್ಳಲ್ಲ ಅತ್ತಿಗೆ," ಎಂದ. "ಇದು ನನ್ನ ಲೆಕ್ಕ."

ಎಲ್ಲ ಹೇಳಿದ. ಅವಳು ಅಳಲಿಲ್ಲ. ಅಳುವುದೆಲ್ಲ ಬೆಳಿಗ್ಗೆಯೇ ಮುಗಿದಿತ್ತು.

"ನಿಂಗೆ ಕಳ್ಸೋ ಮುಂಚೆ ತಾನೂ ಒಂದ್ಸಲ ಓದ್ಕೋಬಾರ್ದಿತ್ತಾ?" ಎಂದಳು.

ಗಿಡ್ಡನಿಗೆ ಏಣಿಯ ಮೇಲೆ ಕೋಪ ಬಂತು, ಅದಕ್ಕಿಂತ ಹೆಚ್ಚು ತನ್ನ ಮೇಲೆ. ಒಂದೇ ಒಂದು ಸಲವೂ ತಾನು 'ನೀನು ಎಷ್ಟು ಸಲ?' ಎಂದು ತಿರುಗಿ ಕೇಳಿರಲಿಲ್ಲ. ಕೆಳಗಿನಿಂದ ಮೇಸ್ತ್ರಿಯ ಶಿಳ್ಳೆ ಕೇಳಿಸಿತು. ಗಿಡ್ಡ ಫೋನನ್ನು ಅವಳ ಕೈಗಿಟ್ಟು ಎದ್ದ.

"ಎಲ್ಲಿಗೆ?"

"ಅವರೆಲ್ಲ ಕಾಯ್ತಿದ್ದಾರೆ."

ಅವಳು ಕೈಯಲ್ಲಿದ್ದ ಫೋನಿನತ್ತ ನೋಡಿದಳು.

ಮೆಟ್ಟಿಲ ತಿರುವಿನಲ್ಲಿ, ಏಣಿಯನ್ನು ಇಳಿಸುವಾಗ ಅಷ್ಟು ಜೋಪಾನ ಮಾಡಿದರೂ, ಗೋಡೆಯ ಬಣ್ಣ ಒಂದು ಗೇಣು ಕಿತ್ತುಬಂದಿತ್ತು. ಗಿಡ್ಡ ಅದರ ಮೇಲೆ ಕೈಯಾಡಿಸುತ್ತಿದ್ದಾಗ ಜೇಬು ನಡುಗಿತು. ಪರದೆಯ ಮೇಲೆ 'ಏಣಿ' ಎಂದಿತ್ತು.

"ಲೋ ತಮ್ಮ, ಎಲ್ಲಿದ್ದೀಯೋ?"

ಕೆಳಗೆ ಮತ್ತೊಂದು ಶಿಳ್ಳೆ. ಗಿಡ್ಡ ಅಲ್ಲೇ ಕೂತು, ಒಂದೊಂದೇ ಅಕ್ಷರ ಒತ್ತಿದ.

"ಮೆಟ್ಟಿಲ ಮೇಲೆ."