ಪ್ರಸಂಗ ತಿದ್ದಿದವನು

ಯಜ್ಞೇಶನಿಗೆ ಒಂದು ಹಠವಿತ್ತು. ತಾಳಮದ್ದಳೆಯಲ್ಲಿ ಅರ್ಥ ಹೇಳುವವನು ಮಾತಿನಲ್ಲಿ ಎಷ್ಟು ಬೇಕಾದರೂ ಗೆಲ್ಲಲಿ, ಪ್ರಸಂಗವನ್ನು ಮಾತ್ರ ಮುಟ್ಟಬಾರದು. ಕರ್ಣನ ವಾದಕ್ಕೆ ಕೃಷ್ಣ ಬಾಯಿ ಮುಚ್ಚಿಕೊಂಡರೂ ಸೈ, ಕೊನೆಗೆ ಕರ್ಣ ಬೀಳಲೇಬೇಕು. ದೋಹಾದ ತುಳುವರ ಕೂಟದಲ್ಲಿ ಒಬ್ಬರು ಚಪ್ಪಾಳೆಯ ಆಸೆಗೆ ಅಭಿಮನ್ಯುವನ್ನು ಚಕ್ರವ್ಯೂಹದಿಂದ ಹೊರಗೆ ತರಲು ಹೊರಟಾಗ, ಭಾಗವತರಿಗಿಂತ ಮೊದಲು ರೇಗಿದವನು ಇವನೇ. ಇಂಥ ಮನುಷ್ಯನಿಗೇ ಆ ಸ್ವೀಡನ್ನಿನ ಕಾದಂಬರಿ ಗಂಟುಬೀಳಬೇಕೇ!

ಆದದ್ದು ಹೀಗೆ. ದೋಹಾದಲ್ಲಿ ಏಷ್ಯನ್ ಗೇಮ್ಸ್ ನಡೆದ ವರ್ಷ. ಅವನ ಹೆಂಡತಿ ಶರ್ಮಿಳಾ ಎರಡನೆಯ ಸಲ ಬಸುರಿ. ಮೊದಲನೆಯ ಮಗು, ಗಂಡು, ದಿನ ತುಂಬುವ ಮೊದಲೇ ಹೋಗಿತ್ತು. ಆಗ ಅವಳು ಅಳಲಿಲ್ಲ. ಆಸ್ಪತ್ರೆಯಿಂದ ಬಂದವಳೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದಿಟ್ಟಳು, ಅಷ್ಟೆ. ಈ ಸಲ ಮಂಚ ಬಿಟ್ಟು ಏಳಲೇಬಾರದು ಅಂದಿದ್ದರು ಡಾಕ್ಟರು. ಮೇಲಿನ ಮನೆಯ ಆಯಿಷಮ್ಮ, ಉಪ್ಪಿನಂಗಡಿ ಕಡೆಯವರು, ಹಗಲು ಗಂಜಿ ತಂದುಕೊಟ್ಟು ಕೂರುತ್ತಿದ್ದರು. ಶರ್ಮಿಳಾ ಮಾತ್ರ ಟಿವಿ ಬೇಡ, ಫೋನು ಬೇಡ ಎಂದು ಗೋಡೆ ನೋಡುತ್ತ ಮಲಗಿರುತ್ತಿದ್ದಳು.

ಕಾರ್ಖಾನೆಗಳಿರುವ ಮೆಸಯೀದ್‌ಗೆ ಹೋಗುವ ಕಂಪೆನಿ ಬಸ್ಸಿನಲ್ಲಿ ಯಜ್ಞೇಶನ ಪಕ್ಕ ಕೂರುತ್ತಿದ್ದವನು ಯೋರನ್, ಸ್ವೀಡನ್ನಿನ ಇಂಜಿನಿಯರ್. ಪುಸ್ತಕದಿಂದ ತಲೆ ಎತ್ತದ ಆಸಾಮಿ. ಎಂಥ ಪುಸ್ತಕ ಅದು ಎಂದು ಒಮ್ಮೆ ಕೇಳಿದ್ದಕ್ಕೆ, ತಮ್ಮ ಊರಲ್ಲಿ ಈಗ ಎಲ್ಲರ ಬಾಯಲ್ಲೂ ಇರುವ ಕಾದಂಬರಿ, ಓದಲೇಬೇಕಾದದ್ದು, ಆದರೆ ಇಂಗ್ಲಿಷಿಗೆ ಬಂದಿಲ್ಲ ಅಂದ. ಹಾಗಾದರೆ ಬಾಯಲ್ಲೇ ಹೇಳು ಅಂದ ಇವನು. ಸರಿ, ಬೆಳಿಗ್ಗೆ ಬಸ್ಸಿನಲ್ಲಿ ಒಂದು ಅಧ್ಯಾಯ. ಸಂಜೆ ಮಂಚದ ಕಾಲಬುಡದಲ್ಲಿ ಅದೇ ಅಧ್ಯಾಯ, ತುಳುವಿನಲ್ಲಿ, ತಾಳಮದ್ದಳೆಯ ಧಾಟಿಯಲ್ಲಿ.

ಉತ್ತರದ ಒಂದು ದ್ವೀಪ. ಅಲ್ಲಿ ಎಲ್ಸಾ ಎಂಬ ಮೀನುಗಾರ ಹೆಂಗಸು, ಅವಳ ಒಬ್ಬನೇ ಮಗ ನಿಲ್ಸ್. ಚಳಿಗಾಲದಲ್ಲಿ ಸಮುದ್ರವೇ ಗಟ್ಟಿಯಾಗಿ ಜನ ಅದರ ಮೇಲೆ ನಡೆದು ಆಚೆ ದಡಕ್ಕೆ ಹೋಗುತ್ತಾರೆ. ಮಲ್ಪೆಯಲ್ಲಿ ಹುಟ್ಟಿ ಬೆಳೆದ ಶರ್ಮಿಳಾ ಇದನ್ನು ಸುತರಾಂ ಒಪ್ಪಲಿಲ್ಲ. ಹಾಗಾದರೆ ಮೀನು ಎಲ್ಲಿ ಹೋಗುತ್ತದೆ, ಬಲೆ ಎಲ್ಲಿ ಬೀಸುತ್ತಾರೆ, ರೈಲು ಬಿಡಬೇಡಿ ಎಂದು ತಕರಾರು ತೆಗೆದಳು. ಯಜ್ಞೇಶ್ ಮರುದಿನ ಕೇಳಿಕೊಂಡು ಬಂದ: ಮಂಜುಗಡ್ಡೆಗೆ ತೂತು ಕೊರೆದು ಬಲೆ ಇಳಿಸುತ್ತಾರಂತೆ. ಅವಳು ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ಕಾಲವಾಗಿತ್ತು. ಆಯಿಷಮ್ಮನೂ ಸಂಜೆ ಚಹಾದ ಹೊತ್ತಿಗೆ ಹಾಜರಾಗತೊಡಗಿದರು, ಆ ಎಲ್ಸಾ ಇವತ್ತು ಎಂಥ ಮಾಡಿದಳು ಎಂದು.

ಒಂದು ಬೆಳಿಗ್ಗೆ ಯೋರನ್ ಕೊನೆಯ ಅಧ್ಯಾಯ ಹೇಳಿದ. ಎಲ್ಸಾ ಮಗನಿಗೆ ಸ್ವೆಟರ್ ಹೆಣೆಯುತ್ತಿದ್ದಾಳೆ, ಉಣ್ಣೆಯ ನೂಲು ಸಾಲಲಿಲ್ಲ. ತರುತ್ತೇನೆಂದು ನಿಲ್ಸ್ ಆಚೆ ದಡಕ್ಕೆ ಹೊರಟ. ಮಂಜುಗಡ್ಡೆ ತೆಳುವಾಗುವ ಕಾಲ ಅದು. ಹುಡುಗ ತಿರುಗಿ ಬರಲಿಲ್ಲ.

ಯಜ್ಞೇಶನಿಗೆ ಬಸ್ಸಿಳಿದ ಮೇಲೂ ಅದೇ ಚಿಂತೆ. ಇದನ್ನು ಶರ್ಮಿಳಾಗೆ ಹೇಳುವುದು ಹೇಗೆ? ಹೇಳಿ ಅವಳಿಗೋ ಹೊಟ್ಟೆಯಲ್ಲಿರುವುದಕ್ಕೋ ಏನಾದರೂ ಆದರೆ? ಸಂಜೆ ಮೆಟ್ಟಿಲಲ್ಲಿ ಸಿಕ್ಕ ಆಯಿಷಮ್ಮನ ಎದುರು ಸಂಕಟ ತೋಡಿಕೊಂಡ.

"ಬಸುರಿಗೆ ಹೇಳುವ ಕತೆಯಾ ಅದು? ಆ ಹುಡುಗನನ್ನು ಬದುಕಿಸು ಮಗಾ" ಅಂದರು ಅವರು. "ಸ್ವೀಡನ್ನಿನವರು ಬಂದು ಲೆಕ್ಕ ಕೇಳುತ್ತಾರಾ?"

ಬದುಕಿಸಿದ. ನಿಲ್ಸ್ ನೂಲಿನ ಗಂಟು ಹೊತ್ತು ಕ್ಷೇಮವಾಗಿ ಮನೆಗೆ ಬಂದ, ತಾಯಿ ತಬ್ಬಿಕೊಂಡಳು, ಮಂಗಳಂ. ದಿನಾ ಎದ್ದು ನಿಂತು ಕೈ ಬೀಸಿ ಹೇಳುವ ಮಹಾನುಭಾವ ಅವತ್ತು ನೆಲ ನೋಡುತ್ತ ಗಡಿಬಿಡಿಯಲ್ಲಿ ಮುಗಿಸಿದ್ದ.

ಶರ್ಮಿಳಾ ಅವನನ್ನೇ ನೋಡುತ್ತಿದ್ದಳು. "ಅಭಿಮನ್ಯುವನ್ನು ಹೊರಗೆ ತರಲು ಹೊರಟವರಿಗೆ ನೀವು ಎಂಥ ಬೈದಿದ್ದಿರಿ, ನೆನಪುಂಟಾ?"

ಅವನು ಅವಳ ಹೊದಿಕೆ ಸರಿಪಡಿಸಲು ಬಾಗಿದ.

"ಎಲ್ಲರೂ ನನ್ನೆದುರು ಏನೂ ಆಗದ ಹಾಗೆ ಮಾತಾಡುತ್ತಾರೆ. ಈಗ ನೀವೂ ಶುರು ಮಾಡಿದಿರಾ? ಆ ಮಗು ಹೋಯಿತು, ಅಲ್ವಾ?"

ಹೋಯಿತು ಅಂದ. ಅಂದವನೇ ಹೆದರಿ ಅವಳ ಕೈ ಹಿಡಿದ. ಅವಳು, ಮತ್ತೆ ಎಲ್ಸಾ ಏನು ಮಾಡಿದಳು ಎಂದು ಕೇಳಿದಳು. ಕತೆ ಅಲ್ಲಿಗೇ ಮುಗಿದಿರಲಿಲ್ಲ. ಹುಡುಗನ ಸಾವಿಗೆ ಆ ಪುಸ್ತಕದಲ್ಲಿ ಎರಡೇ ಸಾಲು, ಆಮೇಲಿನದಕ್ಕೇ ಪುಟಗಟ್ಟಲೆ ಎಂದು ಯೋರನ್ ಹೇಳಿದ್ದ. ಯಜ್ಞೇಶ್ ಅದನ್ನು ಇದ್ದದ್ದು ಇದ್ದ ಹಾಗೆ ಹೇಳಿದ. ಮಂಜುಗಡ್ಡೆ ಕರಗಿದ ಮೇಲೆ ಎಲ್ಸಾ ತಾನೇ ದೋಣಿ ಹಾಕಿಕೊಂಡು ಆಚೆ ದಡಕ್ಕೆ ಹೋದಳು, ನೂಲು ತಂದಳು, ಅರ್ಧಕ್ಕೆ ನಿಂತಿದ್ದ ಸ್ವೆಟರ್ ಮುಗಿಸಿದಳು.

"ಅವನ ಅಳತೆಗೇ?"

"ಅವನ ಅಳತೆಗೇ."

ಶರ್ಮಿಳಾ ಆಮೇಲೆ ಅಂದಳು: "ನಾನೂ ಒಂದನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ನಮ್ಮ ಮೊದಲ ಮಗುವಿಗೆ ಹೆಸರು ಇಟ್ಟಿದ್ದೆ, ಮನಸ್ಸಿನಲ್ಲೇ. ನಿಮಗೆ ಹೇಳಲೇ ಇಲ್ಲ. ಕೃತಿಕ್ ಅಂತ."

ಹೇಳಿದ್ದೇ ತಡ, ಅಳು ನುಗ್ಗಿ ಬಂತು. ಕೂಟದಲ್ಲಿ ಮಾತಿಗೆ ಎಂದೂ ತಡವರಿಸದ ಯಜ್ಞೇಶ್ ತಡವರಿಸುತ್ತ ಮಗನ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿದ. ಬಾಗಿಲಲ್ಲಿ ರಾತ್ರಿಯ ಗಂಜಿಯ ಪಾತ್ರೆ ಹಿಡಿದು ನಿಂತಿದ್ದ ಆಯಿಷಮ್ಮ ಒಳಗೆ ಬರಲಿಲ್ಲ. ಪಾತ್ರೆಯನ್ನು ಹೊಸ್ತಿಲ ಪಕ್ಕ ಇಟ್ಟು ಬಾಗಿಲು ಮುಂದೆ ಮಾಡಿಕೊಂಡು ಹೋದರು.