ದೊರೆ ಅಂದರೆ

ಜಪಮಾಲೆ ಅರ್ಧಕ್ಕೇ ನಿಂತಿತು. ಕೂತಿದ್ದವರೆಲ್ಲ ದಡಬಡಿಸಿ ಎದ್ದರು. ದೋಹಾದ ಆಸ್ಪತ್ರೆಯ ಶವಾಗಾರಕ್ಕೆ ಕಂಪೆನಿಯ ಯಜಮಾನ ಲೊರೆಂಜ್ ಬಂದಿದ್ದ. ನಲವತ್ತರ ಸ್ವಿಸ್ ಮನುಷ್ಯ. ಸಂಜೆಯ ವಿಮಾನಕ್ಕೆ ಮಂಗಳೂರಿಗೆ ಹೊರಡಲಿದ್ದ ಪೆಟ್ಟಿಗೆಯಲ್ಲಿ ಕಜೆತಾನ್ ಮಲಗಿದ್ದ. ಇಪ್ಪತ್ತಾರು ವರ್ಷ ಅದೇ ಕಂಪೆನಿಯ ಆಫೀಸ್‌ಬಾಯ್. ಐವತ್ತೆಂಟು ತುಂಬಿದರೂ ‘ಬಾಯ್’ ಆಗಿಯೇ ಉಳಿದಿದ್ದ.

"ಮಮ್ಮಿ, ನೀವಾದ್ರೂ ಕೂತ್ಕೊಳ್ಳಿ," ಎಂದ ಮಗ ರಸೆಲ್.

"ದೊರೆ ನಿಂತಿರುವಾಗ ಹೇಗೆ ಕೂತ್ಕೊಳ್ಳುದು ಮಗಾ?" ಎಂದಳು ಎಡ್ನಾ.

ನೆರೆಯ ಬೆನ್ನಿ ರಸೆಲ್‌ನ ಕಿವಿಯಲ್ಲಿ ಪಿಸುಗುಟ್ಟಿದ: "ಮಂಗಳೂರಲ್ಲಿ ಇವನ ಮುತ್ತಜ್ಜನ ಹಂಚಿನ ಕಾರ್ಖಾನೆಯಲ್ಲಿ ನಿನ್ನ ಮುತ್ತಜ್ಜ ಮಣ್ಣು ತುಳಿದದ್ದು, ಗೊತ್ತುಂಟಲ್ಲ ಮಾರಾಯ? ಅವರಿಗೆ ದುಡ್ಡು ಇಳಿದು ಬಂತು, ನಮಗೆ ಸೊಂಟ ಬಗ್ಗಿಸುದು."

ಗೊತ್ತಿತ್ತು. ಊರ ಮನೆಯ ಹಂಚು ಹಂಚಿನ ಮೇಲೂ ಲೊರೆಂಜ್‌ನ ಮನೆತನದ ಹೆಸರಿತ್ತು. ಕಜೆತಾನ್‌ಗೆ ಅದೊಂದು ಹೆಮ್ಮೆ ಬೇರೆ.

*

ಐದು ವರ್ಷದ ಹಿಂದೆ, ದೋಹಾದ ಮದೀನತ್ ಖಲೀಫಾ ಬಡಾವಣೆಯ ಕಂಪೆನಿ ವಿಲ್ಲಾದಲ್ಲಿ ಕ್ರಿಸ್ಮಸ್ ಪಾರ್ಟಿ. ರಸೆಲ್ ಊರಿನಿಂದ ರಜೆಗೆ ಬಂದಿದ್ದ. ಜ್ಯೂಸಿನ ಟ್ರೇ ಹಿಡಿದ ಕಜೆತಾನ್ ಬಗ್ಗಿ, "ಹ್ಯಾಪಿ ಕ್ರಿಸ್ಮಸ್, ದೊರೆ," ಎಂದ.

"ನಿನ್ನಪ್ಪ ಯಾವಾಗಲೂ ಹೀಗೇ ಕರೆಯುತ್ತಾನೆ. ದೊರೆ ಅಂದರೇನು?" ಲೊರೆಂಜ್ ರಸೆಲ್‌ನನ್ನು ಕೇಳಿದ.

ಪಕ್ಕದಲ್ಲಿ ಇಂಜಿನಿಯರುಗಳ ಮಕ್ಕಳು ಕಿಸಕ್ಕೆಂದರು. ರಸೆಲ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಫ್ರೆಂಡ್," ಎಂದುಬಿಟ್ಟ.

ಲೊರೆಂಜ್‌ನ ಮುಖ ಅರಳಿತು. "ನಾನೂರು ವರ್ಷದ ಮನೆತನ ನಮ್ಮದು. ಆಳುಗಳು ಬೇಕಾದಷ್ಟಿದ್ದರು. ಫ್ರೆಂಡ್ ಅಂದವರು ಒಬ್ಬರೂ ಇಲ್ಲ."

*

"ಗೆಸ್ಟ್‌ಹೌಸಿನ ಅಡುಗೆ ಕೆಲಸ, ಹಿಂದಿನ ಕೋಣೆ ಎರಡೂ ನಿನ್ನ ಅಮ್ಮನಿಗೆ ಹಾಗೇ ಇರಲಿ," ಎಂದು ಶವಾಗಾರದಲ್ಲಿ ಲೊರೆಂಜ್ ರಸೆಲ್‌ನ ಕೈಹಿಡಿದ. "ಅಪ್ಪನ ಕೆಲಸಕ್ಕೆ ನೀನು ಬಾ."

ಬಿ.ಕಾಂ. ಮುಗಿಸಿದ ರಸೆಲ್ ಅದೇ ಕಂಪೆನಿಯ ಅಕೌಂಟ್ಸ್ ಸೆಕ್ಷನ್ನಿಗೆ ಅರ್ಜಿ ಹಾಕಿ ಮೂರು ತಿಂಗಳಾಗಿತ್ತು. ಚಹಾದ ಟ್ರೇ ಬೇಡ ಎನ್ನಲು ಬಾಯಿ ತೆರೆದ. ಎಡ್ನಾ ಅವನ ಮೊಣಕೈ ಒತ್ತಿದಳು. ಕೋಣೆ ಹೋದರೆ ದೋಹಾದಲ್ಲಿ ಅವಳಿಗೆ ಬೇರೆ ನೆಲೆಯಿರಲಿಲ್ಲ.

"ಥ್ಯಾಂಕ್ ಯೂ, ಸರ್."

"ಸರ್ ಯಾಕೆ? ನೀನೂ ದೊರೆ ಅನ್ನು."

"ಥ್ಯಾಂಕ್ ಯೂ... ದೊರೆ."

ನಾಚಿಕೆಗೆ ಅವನು ಅಪ್ಪನ ಮುಖ ನೋಡಲಾರದೆ ಹೋದ. ಲೊರೆಂಜ್ ಪೆಟ್ಟಿಗೆಯ ಹತ್ತಿರ ಹೋದ. ಅವನ ಕಣ್ಣುಗಳು ನಿಜಕ್ಕೂ ತುಂಬಿದ್ದವು. ಸೊಂಟ ಬಗ್ಗಿಸಿ, ತಣ್ಣಗಿನ ಕೈ ಮುಟ್ಟಿ, "ಗುಡ್‌ಬೈ, ದೊರೆ," ಎಂದ.

ಯಾರೂ ನಗಲಿಲ್ಲ. ಗೋಡೆಗೊತ್ತಿ, ಕೈಕಟ್ಟಿ ಎಲ್ಲರೂ ನಿಂತೇ ಇದ್ದರು. ಕಜೆತಾನ್ ಒಬ್ಬ ಏಳಲಿಲ್ಲ.